ಬೆಂಕಿಗೆ ಅಂಜದ ವಖಾರ: ಲಿವರ್‌ಪೂಲಿನ ಆಲ್ಬರ್ಟ್ ಡಾಕ್ ಮತ್ತು ನಮ್ಮ ಹತ್ತಿಯ ದಾರಿ

ಹಳೆಪೇಟೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಲಿವರ್‌ಪೂಲಿನ ಆಲ್ಬರ್ಟ್ ಡಾಕ್ ಎಂಬ ಹಳೆಯ ಬಂದರಿನ ವಖಾರಗಳನ್ನು ಎರಡು ದಿನ ಸುತ್ತಿ ನೋಡಿದೆ. ನಮ್ಮದು ಮೂರು ತಲೆಮಾರು ಹತ್ತಿ ಅಡತ್ ಮಾಡಿದ ಮನೆತನ. ಮುಳುಗಡೆಯಾಗುವ ಮೊದಲು ಹಳೆ ಬಾಗಲಕೋಟೆಯಲ್ಲಿ ನಮ್ಮದೂ ಒಂದು ವಖಾರವಿತ್ತು. ಆದ್ದರಿಂದ ಆ ಕಟ್ಟಡವನ್ನು ನಾನು ಪ್ರವಾಸಿಯ ಕಣ್ಣಿನಿಂದ ನೋಡಲಾಗಲಿಲ್ಲ. ಮಾಲು ಎಲ್ಲಿ ಇಳಿಯುತ್ತಿತ್ತು, ಎಲ್ಲಿ ತೂಗುತ್ತಿದ್ದರು, ಮಳೆ ನೀರು ಎಲ್ಲಿ ಹೋಗುತ್ತಿತ್ತು, ಬೆಂಕಿ ಬಿದ್ದರೆ ಏನು ಗತಿ ಎಂಬುದನ್ನೇ ಹುಡುಕುತ್ತ ತಿರುಗಿದೆ. ಕಂಡದ್ದನ್ನು ಇಲ್ಲಿ ಬರೆಯುತ್ತೇನೆ. ಬಲ್ಲವರು ತಿದ್ದಬೇಕು, ಸೇರಿಸಬೇಕು.

ಕೆಲಸ ಆರಂಭವಾದದ್ದು 1841ರಲ್ಲಿ. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ 1846ರ ಜುಲೈನಲ್ಲಿ ಅದನ್ನು ಉದ್ಘಾಟಿಸಿದರು. ವಖಾರಗಳ ಕೆಲಸ ಪೂರ್ತಿಯಾಗಲು 1847 ಬಂತು. ಕಟ್ಟಿಸಿದ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ. 1824ರಿಂದ 1860ರಲ್ಲಿ ತೀರಿಕೊಳ್ಳುವವರೆಗೆ ಲಿವರ್‌ಪೂಲಿನ ಬಂದರು ಕಾಮಗಾರಿಯೆಲ್ಲ ಅವರ ಕೈಯಲ್ಲೇ ಇತ್ತು. ಅವರ ಜೊತೆ ಫಿಲಿಪ್ ಹಾರ್ಡ್‌ವಿಕ್ ಎಂಬ ವಾಸ್ತುಶಿಲ್ಪಿ ಇದ್ದರು. 1828ರಲ್ಲಿ ತೆರೆದ ಲಂಡನ್ನಿನ ಸೇಂಟ್ ಕ್ಯಾಥರೀನ್ ಡಾಕಿನ ವಖಾರಗಳೂ ಹಾರ್ಡ್‌ವಿಕ್ ಅವರ ಕೆಲಸವೇ. ನೀರಿನ ಅಂಚಿಗೇ ಗೋಡೆ ಎಬ್ಬಿಸಿ, ಹಡಗಿನಿಂದ ಮಾಲನ್ನು ನೇರವಾಗಿ ವಖಾರದೊಳಗೆ ಎತ್ತಿಕೊಳ್ಳುವ ಪದ್ಧತಿ ಅಲ್ಲಿಯದು. ಹಾರ್ಟ್ಲಿ ಅದನ್ನು ಲಿವರ್‌ಪೂಲಿಗೆ ತಂದು ಇನ್ನೂ ಗಟ್ಟಿಗೊಳಿಸಿದರು.

ನಡುವೆ ಆಯತಾಕಾರದ ನೀರಿನ ಹೊಂಡ, ಅದರ ನಾಲ್ಕೂ ದಿಕ್ಕಿಗೆ ಇಟ್ಟಿಗೆಯ ಐದಂತಸ್ತಿನ ವಖಾರಗಳು. ನಮ್ಮ ವಾಡೆಗಳ ನಡುವಿನ ಅಂಗಳವನ್ನು ನೀರಿನಿಂದ ತುಂಬಿದರೆ ಹೇಗೋ ಹಾಗೆ. ಹೊಂಡವು ನದಿಗೆ ನೇರವಾಗಿ ತೆರೆದುಕೊಳ್ಳುವುದಿಲ್ಲ. ಪಕ್ಕದ ಡಾಕುಗಳ ಮೂಲಕವೇ ಹಡಗು ಒಳಗೆ ಬರಬೇಕು. ಮರ್ಸಿ ನದಿಯ ಮುಖದಲ್ಲಿ ಸಮುದ್ರದ ಉಬ್ಬರ ಇಳಿತದ ಅಂತರ ದೊಡ್ಡ ದಿನಗಳಲ್ಲಿ ಹತ್ತು ಮೀಟರಿನ ಹತ್ತಿರ ಹೋಗುತ್ತದೆ. ಹೊಂಡಕ್ಕೆ ಬಾಗಿಲಿಟ್ಟು ನೀರನ್ನು ಹಿಡಿದಿಡದಿದ್ದರೆ ಬೆಳಿಗ್ಗೆ ಕಟ್ಟೆಯ ಮಟ್ಟಕ್ಕಿದ್ದ ಹಡಗು ಮಧ್ಯಾಹ್ನಕ್ಕೆ ಮೂರಂತಸ್ತು ಕೆಳಗೆ ಹೋಗಿ ಕೂಡುತ್ತಿತ್ತು.

ನೆಲ ಅಂತಸ್ತಿನಲ್ಲಿ ಎರಕದ ಕಬ್ಬಿಣದ ಕಂಬಗಳ ಸಾಲು ಇದೆ. ಗೀರುಗಳಿಲ್ಲದ ಬೋಳು ಕಂಬಗಳು. ಎತ್ತರ ಸುಮಾರು 15 ಅಡಿ, ಸುತ್ತಳತೆ ಹನ್ನೆರಡು-ಹದಿಮೂರು ಅಡಿ. ನಾನೂ ಅಳಿಯನೂ ಎದುರು ಬದುರು ನಿಂತು ಕೈ ಚಾಚಿ ಒಂದನ್ನು ಅಪ್ಪಿದೆವು. ನಮ್ಮ ಬೆರಳ ತುದಿಗಳು ಒಂದು ಕಡೆ ಮುಟ್ಟಿದವು, ಇನ್ನೊಂದು ಕಡೆ ಗೇಣಿನಷ್ಟು ಬಿಟ್ಟೇ ಉಳಿಯಿತು. ಕಂಬದ ಸಾಲು ಅಲ್ಲಲ್ಲಿ ಕಡಿದು, ಅಗಲವಾದ ಕಮಾನೊಂದು ಮೇಲಿನ ಅಂತಸ್ತಿನವರೆಗೆ ಏರುತ್ತದೆ. ಅಂದಕ್ಕೆಂದು ಮಾಡಿದ್ದಾರೆಂದುಕೊಂಡಿದ್ದೆ. ಅದು ಹಡಗಿನಿಂದ ಮಾಲೆತ್ತುವ ಕ್ರೇನಿನ ತೋಳು ತಿರುಗಲು ಬಿಟ್ಟ ಜಾಗವೆಂದು ಆಮೇಲೆ ಗೊತ್ತಾಯಿತು.

ಇಡೀ ಕಟ್ಟಡದ ಭಾರ ಹೊರುವ ಯಾವ ಭಾಗದಲ್ಲೂ ಮರವಿಲ್ಲ. ಎರಕದ ಕಬ್ಬಿಣ, ಇಟ್ಟಿಗೆ, ಕಲ್ಲು, ಇಷ್ಟೇ. ಬ್ರಿಟನ್ನಿನಲ್ಲಿ ಹಾಗೆ ಕಟ್ಟಿದ ಮೊದಲ ಬಂದರು ವಖಾರಗಳಿವು. ಅದಕ್ಕೆ ಹಿಂದಿನ ವಖಾರಗಳಲ್ಲಿ ಗೋಡೆ ಇಟ್ಟಿಗೆಯದಾದರೂ ಒಳಗಿನ ಕಂಬ, ತೊಲೆ, ಹಲಗೆಯ ನೆಲ ಎಲ್ಲ ಮರದವು. ಹತ್ತಿ, ಎಣ್ಣೆ, ಸಾರಾಯಿ ತುಂಬಿದ ಅಂಥ ಕಟ್ಟಡಕ್ಕೆ ಒಂದು ಕಿಡಿ ಸಾಕಾಗುತ್ತಿತ್ತು. ಡಾಕಿನ ಕೆಲಸ ನಡೆಯುತ್ತಿದ್ದಾಗಲೇ, 1842ರಲ್ಲಿ, ಅದೇ ಊರಿನ ಹತ್ತಿ ವಖಾರಗಳಿಗೆ ದೊಡ್ಡ ಬೆಂಕಿ ಬಿದ್ದಿತ್ತು. ಹಾರ್ಟ್ಲಿ ಬೇರೆ ಬೇರೆ ಬಗೆಯ ಮಾದರಿ ಕೋಣೆಗಳನ್ನು ಕಟ್ಟಿ, ಅವಕ್ಕೆ ಬೆಂಕಿ ಇಟ್ಟು, ಯಾವುದು ತಾಳುತ್ತದೆಂದು ಪರೀಕ್ಷಿಸಿ ನೋಡಿದವರು. ಎಂಜಿನಿಯರ್ ಅಲ್ಲದ ನನಗೂ ಅವರ ಮೇಲೆ ಗೌರವ ಹುಟ್ಟಿದ್ದು ಇದೊಂದು ಸಂಗತಿಯಿಂದ.

ಈಗ ನನ್ನ ಪ್ರಶ್ನೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ನಮ್ಮ ಕಡೆಯ ಹತ್ತಿ ಲಿವರ್‌ಪೂಲಿಗೆ ಹೋಯಿತೆಂದು ಅಜ್ಜ ಹೇಳುತ್ತಿದ್ದರು. ಹುನಗುಂದ, ಬಾದಾಮಿ ಕಡೆಯ ಎರೆಹೊಲದ ಹತ್ತಿ ಯಾವ ದಾರಿಯಲ್ಲಿ ಅಲ್ಲಿಗೆ ಮುಟ್ಟುತ್ತಿತ್ತು? ಈ ವಖಾರದ ಒಳಗೂ ಅದು ಬಂದಿತ್ತೇ?

ಘಟ್ಟದ ದಾರಿ (ಬೆಳಗಾವಿ)

ಹಳೆಪೇಟೆ ಸರ್, ದಾರಿಯ ಬಗ್ಗೆ ನಾನು ಬರೆಯುತ್ತೇನೆ. ಘಟ್ಟದ ರಸ್ತೆಗಳ ಹುಚ್ಚು ನನಗೆ ಮೊದಲಿನಿಂದ ಇದೆ. ಇವುಗಳಲ್ಲಿ ಹಲವನ್ನು ನಡೆದೇ ನೋಡಿದ್ದೇನೆ.

ಆಗ ನಿಮ್ಮ ಬಾಗಲಕೋಟೆ ಕಲಾದಗಿ ಜಿಲ್ಲೆಯಲ್ಲಿತ್ತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಹೋದದ್ದು 1885ರಲ್ಲಿ. ರೈಲು ಬರುವ ಮೊದಲು ಈ ಸೀಮೆಯ ಹತ್ತಿಗೆ ಮುಖ್ಯವಾಗಿ ಮೂರು ದಾರಿಗಳಿದ್ದವು. ಹುಬ್ಬಳ್ಳಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಬೆಳಗಾವಿಯಿಂದ ಅಂಬೋಲಿಯ ಕಡೆ ಘಟ್ಟ ಇಳಿದರೆ ವೆಂಗುರ್ಲಾ. ಭೀಮೆಯ ಕಡೆಯವರಿಗೆ 1860ರಲ್ಲಿ ಸೊಲ್ಲಾಪುರದವರೆಗೆ ರೈಲು ಬಂದ ಮೇಲೆ ಅಲ್ಲಿಂದ ಮುಂಬಯಿ. ಮೂರರಲ್ಲಿ ಕುಮಟಾ ಎಷ್ಟು ದೊಡ್ಡದಾಗಿತ್ತೆಂದರೆ, ಬಯಲುಸೀಮೆಯ ನಮ್ಮ ಜವಾರಿ ಹತ್ತಿಗೆ ಜಗತ್ತಿನ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರಾಯಿತು. ಕುಮಟೆಯಲ್ಲಿ ಒಂದು ಗಿಡ ಹತ್ತಿ ಬೆಳೆಯುವುದಿಲ್ಲ; ಅದು ಭತ್ತ, ತೆಂಗು, ಅಡಿಕೆಯ ನಾಡು. ಬೆಳೆದ ಹೊಲದ ಹೆಸರು ಹೋಗಿ ಹಡಗು ಹತ್ತಿಸಿದ ಊರಿನ ಹೆಸರು ಉಳಿದದ್ದು ನನಗೆ ಈಗಲೂ ನೋವಿನ ವಿಷಯ.

ಹೇರೆತ್ತುಗಳ ಮೇಲೆ, ರಸ್ತೆಯಾದ ಮೇಲೆ ಬಂಡಿಗಳಲ್ಲಿ ಅರಳೆಯ ಅಂಡಿಗೆಗಳು (ದೊಡ್ಡ ಮೂಟೆಗಳು) ಇಳಿಯುತ್ತಿದ್ದವು. ಮರಳಿ ಬರುವಾಗ ಉಪ್ಪು, ತೆಂಗಿನಕಾಯಿ ಏರುತ್ತಿದ್ದವು. ಕುಮಟೆಯಲ್ಲಿ ನೀವು ಕಂಡಂಥ ಬಾಗಿಲಿಟ್ಟ ಹೊಂಡವಿರಲಿಲ್ಲ. ತೆರೆದ ಕಡಲಿನಲ್ಲಿ ಹಡಗು ದೂರ ನಿಲ್ಲಬೇಕು, ಸಣ್ಣ ದೋಣಿಯಲ್ಲಿ ಮಾಲು ಒಯ್ಯಬೇಕು. ಮಳೆಗಾಲದಲ್ಲಿ ಬಂದರೇ ಮುಚ್ಚುತ್ತಿತ್ತು. ಆದ್ದರಿಂದ ಘಟ್ಟದ ಕೆಳಗೆ ಹತ್ತಿ ತಿಂಗಳುಗಟ್ಟಲೆ ಕಾಯುವ ಪ್ರಸಂಗ ಬರುತ್ತಿತ್ತು, ಅದೂ ಕರಾವಳಿಯ ತೇವದಲ್ಲಿ. ಅಲ್ಲಿಂದ ಪತ್ತೇಮಾರಿ ಎಂಬ ಕರಾವಳಿಯ ಹಾಯಿ ಹಡಗುಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿ ಪ್ರೆಸ್ಸಿನಲ್ಲಿ ಒತ್ತಿ ಬೇಲು ಕಟ್ಟಿ ದೊಡ್ಡ ಹಡಗಿಗೆ ಏರಿಸುತ್ತಿದ್ದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ನಿಮ್ಮ ಅಜ್ಜನವರು ಹೇಳಿದ ಯುದ್ಧಕಾಲದ ಹತ್ತಿಯೆಲ್ಲ ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿಯೇ ಲಿವರ್‌ಪೂಲ್ ಕಂಡಿರಬೇಕು.

ಕಾರವಾರವನ್ನು ಹತ್ತಿಯ ಬಂದರಾಗಿ ಮಾಡಬೇಕೆಂಬ ಆಸೆಯೂ ಅದೇ ಕಾಲದ್ದು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆ ಆ ಆಸೆಯ ಪಾಲು ದೊಡ್ಡದು. ಆದರೆ 1888ರಲ್ಲಿ ಮರ್ಮಗೋವಾ ರೈಲು ತೆರೆದು, ಕ್ಯಾಸಲ್‌ರಾಕ್ ಮೂಲಕ ಬಯಲುಸೀಮೆಗೆ ಕೂಡಿಕೊಂಡ ಮೇಲೆ ಕುಮಟಾ, ಕಾರವಾರ ಎರಡರ ಹತ್ತಿ ವ್ಯಾಪಾರವೂ ಇಳಿಮುಖವಾಯಿತು.

ಲೆಕ್ಕದ ಕಟ್ಟು (ವಿಜಯಪುರ)

ಇಬ್ಬರು ಹಿರಿಯರಿಗೂ ವಂದನೆಗಳು. ಹಳೆಪೇಟೆಯವರ ಕೊನೆಯ ಪ್ರಶ್ನೆಗೆ ನೇರವಾಗಿ 'ಹೌದು' ಎನ್ನುವ ಮೊದಲು ಒಂದು ವಿಷಯವನ್ನು ಬಿಡಿಸಿಕೊಳ್ಳಬೇಕು. ಆಲ್ಬರ್ಟ್ ಡಾಕನ್ನು ಹತ್ತಿಯ ವಖಾರವೆಂದಷ್ಟೇ ಕರೆದರೆ ಅದರ ಗೋಡೆಗಳ ಅರ್ಥ ಪೂರ್ತಿ ಆಗುವುದಿಲ್ಲ.

ಬ್ರಿಟನ್ನಿನಲ್ಲಿ 1803ರ ಒಂದು ಕಾಯ್ದೆಯಿಂದ ಹೊಸ ವ್ಯವಸ್ಥೆ ಬಂತು. ಹೊರದೇಶದ ಮಾಲಿಗೆ ಬಂದ ದಿನವೇ ಸುಂಕ ಕಟ್ಟಬೇಕಿರಲಿಲ್ಲ. ಸುಂಕದ ಅಧಿಕಾರಿಗಳ ಬೀಗದ ಒಳಗೆ ಇಟ್ಟು, ಮಾರಾಟಕ್ಕೆ ಹೊರಗೆ ತೆಗೆಯುವಾಗ ಕಟ್ಟಿದರೆ ಸಾಕಿತ್ತು. ವ್ಯಾಪಾರಿಯ ಬಂಡವಾಳ ಸುಂಕದಲ್ಲಿ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಸರ್ಕಾರಕ್ಕೆ ಭದ್ರತೆ ಬೇಕು. ಊರ ತುಂಬ ಓಣಿ ಓಣಿಗಳಲ್ಲಿ ಖಾಸಗಿ ವಖಾರಗಳಿದ್ದಾಗ ಹಡಗಿನಿಂದ ವಖಾರಕ್ಕೆ ಸಾಗಿಸುವ ಬಂಡಿಯಲ್ಲೇ ಮಾಲು ಕಡಿಮೆಯಾಗುತ್ತಿತ್ತು. ಹೊಂಡ, ಕಟ್ಟೆ, ವಖಾರ ಮೂರನ್ನೂ ಒಂದೇ ಆವರಣದಲ್ಲಿ ತಂದು ಕಾವಲು ಹಾಕಿದ್ದು ಇದಕ್ಕಾಗಿ. ಊರೊಳಗಿನ ವಖಾರಗಳ ಮಾಲೀಕರು ಬಂದರಿನಲ್ಲಿ ವಖಾರ ಕಟ್ಟುವುದನ್ನೇ ವಿರೋಧಿಸಿದ್ದರು. ಅವರ ಬಾಡಿಗೆ ಹೋಗುತ್ತಿತ್ತು.

ಹೀಗಾಗಿ ಈ ವಖಾರಗಳಿಗೆ ಹೆಚ್ಚು ಹೊಂದಿದ್ದು ಸುಂಕ ಹೆಚ್ಚಿದ್ದ, ಬೆಲೆ ಹೆಚ್ಚಿದ್ದ ಮಾಲುಗಳು: ಚಹಾ, ರೇಷ್ಮೆ, ತಂಬಾಕು, ಬ್ರಾಂಡಿ, ಸಕ್ಕರೆ, ಆನೆಯ ದಂತ. ಹತ್ತಿಯೂ ಇಲ್ಲಿ ಇಳಿದದ್ದು ನಿಜ. ಆದರೆ ಕಚ್ಚಾ ಹತ್ತಿಯ ಮೇಲಿನ ಆಮದು ಸುಂಕವನ್ನು ಬ್ರಿಟನ್ 1845ರಲ್ಲೇ ತೆಗೆದುಹಾಕಿತ್ತು, ಅಂದರೆ ಡಾಕ್ ತೆರೆಯುವ ಹಿಂದಿನ ವರ್ಷವೇ. ಅದನ್ನು ಬೀಗದೊಳಗೆ ಇಡುವ ಅಗತ್ಯ ಉಳಿಯಲಿಲ್ಲ. ನಮ್ಮ ಅಂಡಿಗೆಯ ಅರಳೆ ಲಿವರ್‌ಪೂಲ್ ಮುಟ್ಟಿದ್ದು ನಿಶ್ಚಿತ. ಆದರೆ ಅದು ಈ ಕಂಬಗಳ ನಡುವೆಯೇ ನಿಂತಿತ್ತೆಂದು ಬರೆಯಬಾರದು.

ಇನ್ನೊಂದು ಮಾತು. ಆ ಕಾಲದಲ್ಲಿ ಹಿಂದುಸ್ತಾನದ ಹತ್ತಿಗೆಲ್ಲ ಅಲ್ಲಿ 'ಸೂರತ್' ಎಂಬ ಒಂದೇ ಹೆಸರು. ಎಳೆ ಗಿಡ್ಡ, ಕಸ ಹೆಚ್ಚು, ಕಲಬೆರಕೆ ಹೆಚ್ಚು ಎಂದು ಲಾಂಕಶೈರಿನ ನೇಕಾರರು ಅದನ್ನು ಶಪಿಸುತ್ತಿದ್ದರು. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲು ಕಾಯ್ದೆಯನ್ನೇ ತಂದಿತು. ರೈತನ ಹೊಲದಿಂದ ಹಡಗಿನವರೆಗೆ ಹತ್ತಾರು ಕೈ ದಾಟುವ ಮಾಲು. ತೂಕ ಹೆಚ್ಚಿಸಲು ನೀರು ಚಿಮುಕಿಸಿದವರು, ಹತ್ತಿಕಾಳು ಬೆರೆಸಿದವರು ಯಾರೋ, ಕೆಟ್ಟ ಹೆಸರು ಮಾತ್ರ ಬೆಳೆದ ಸೀಮೆಗೆ ಬಂತು.

ಅರಳೆ ಅಂಗಡಿ (ಬಾಗಲಕೋಟೆ ಜಿಲ್ಲೆ)

ನಾನು ಇತಿಹಾಸ ಓದಿದವನಲ್ಲ. ಆದರೆ ಹತ್ತಿ ವಖಾರಕ್ಕೆ ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಬರೆಯುತ್ತಿದ್ದೇನೆ.

ಹದಿನೆಂಟು ವರ್ಷದವನಿದ್ದಾಗ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ವಖಾರದ ಮೂಲೆಯಲ್ಲಿ ಹೊಗೆ ಕಂಡಿತು. ಉರಿ ಇರಲಿಲ್ಲ, ಹೊಗೆ ಮಾತ್ರ. ಬಿಡಿ ಅರಳೆಯ ಮೇಲೆ ಬೆಂಕಿ ಓಡುವುದನ್ನು ನೋಡಿದವರಿಗೆ ಗೊತ್ತು. ಅದು ಹುಲ್ಲಿಗೆ ಬಿದ್ದ ಬೆಂಕಿಯ ಹಾಗೆ ಏಳುವುದಿಲ್ಲ, ನೀಲಿ ಅಂಚಿನ ಒಂದು ಗೆರೆ ಸುಮ್ಮನೆ ಮೇಲ್ಮೈಯ ಮೇಲೆ ಹರಿದುಹೋಗುತ್ತದೆ, ಆ ಗೆರೆ ದಾಟಿದ ಕಡೆಯೆಲ್ಲ ಬಿಳುಪು ಕಂದಾಗುತ್ತದೆ. ಒತ್ತಿದ ಬೇಲಿನ ಕತೆಯೇ ಬೇರೆ. ಹೊರಗೆ ನೀರು ಹೊಡೆದು ಆರಿತೆಂದುಕೊಂಡೆವು. ಒಳಗೆ ಕಿಡಿ ಉಳಿದಿತ್ತು. ಮೂರನೆಯ ದಿನ ಒಂದು ಬೇಲಿನ ಪಟ್ಟಿ ಕತ್ತರಿಸಿದಾಗ ಒಳಗಿನ ಅರಳೆ ಕೆಂಡವಾಗಿತ್ತು. ಮಾಳಿಗೆಯ ಮರದ ಕೈಮರಗಳು ಅಷ್ಟರಲ್ಲಿ ಸುಟ್ಟು ತಗಡೆಲ್ಲ ಒಳಗೆ ಬಿದ್ದಿತ್ತು. ಜನಕ್ಕೆ ಏನೂ ಆಗಲಿಲ್ಲ.

ಆದ್ದರಿಂದ ಹಾರ್ಟ್ಲಿಯವರು ಮಾದರಿ ಕಟ್ಟಿ ಸುಟ್ಟು ನೋಡಿದರೆಂದು ಓದಿದಾಗ ನನಗೆ ಅದರ ಬೆಲೆ ತಿಳಿಯಿತು. ನನ್ನ ಪ್ರಶ್ನೆ ಇಷ್ಟೇ: ಕಬ್ಬಿಣವೂ ಕಾದರೆ ಬಾಗುತ್ತದಲ್ಲ? ಮರ ತೆಗೆದು ಕಬ್ಬಿಣ ಇಟ್ಟರೆ ಬೆಂಕಿಯ ಭಯ ಹೋಗುತ್ತದೆಯೇ?

ಗಗನಮಹಲಿನ ನೆರಳು (ವಿಜಯಪುರ)

ಅರಳೆ ಅಂಗಡಿಯವರು ಕೇಳಿದ್ದು ಈ ವಿಷಯದ ತಿರುಳಿನ ಪ್ರಶ್ನೆ. ನಾನು ಕಟ್ಟಡಗಳ ಬಲ ಲೆಕ್ಕ ಹಾಕುವ ಕೆಲಸದಲ್ಲಿರುವುದರಿಂದ ಸ್ವಲ್ಪ ವಿವರವಾಗಿ ಉತ್ತರಿಸಲು ಅಪ್ಪಣೆ ಕೊಡಿ.

ಕಬ್ಬಿಣದ ಚೌಕಟ್ಟಿನ ಕಟ್ಟಡ ಹಾರ್ಟ್ಲಿಯವರ ಆವಿಷ್ಕಾರವಲ್ಲ. ಇಂಗ್ಲೆಂಡಿನ ಡಿದರಿಂಗ್ಟನ್ ಎಂಬಲ್ಲಿ 1797ರಲ್ಲೇ ನಾರಿನ ಗಿರಣಿಯೊಂದನ್ನು ಎರಕದ ಕಬ್ಬಿಣದ ಕಂಬ, ತೊಲೆಗಳಿಂದ ಕಟ್ಟಿದ್ದರು. ಜಗತ್ತಿನ ಮೊದಲ ಕಬ್ಬಿಣದ ಚೌಕಟ್ಟಿನ ಕಟ್ಟಡವೆಂದು ಅದಕ್ಕೆ ಹೆಸರು. ಗಿರಣಿಗಳಲ್ಲಿ ಬಂದ ಆ ಪದ್ಧತಿಯನ್ನು ಬಂದರಿನ ಭಾರಕ್ಕೆ ಹೊಂದಿಸಿ ದೊಡ್ಡ ಪ್ರಮಾಣದಲ್ಲಿ ತಂದದ್ದು ಹಾರ್ಟ್ಲಿ. ಕಂಬದಿಂದ ಕಂಬಕ್ಕೆ ಕಬ್ಬಿಣದ ತೊಲೆ. ತೊಲೆಯಿಂದ ತೊಲೆಗೆ ಇಟ್ಟಿಗೆಯ ತಗ್ಗು ಕಮಾನು. ಕಮಾನಿನ ಬೆನ್ನನ್ನು ತುಂಬಿ ಮಟ್ಟ ಮಾಡಿ ಅದರ ಮೇಲೆ ನೆಲ. ಕಮಾನು ಯಾವಾಗಲೂ ಪಕ್ಕಕ್ಕೆ ಒದೆಯುತ್ತದೆ. ಆ ಒದೆತವನ್ನು ಹಿಡಿಯಲು ತೊಲೆಗಳ ನಡುವೆ ಕಬ್ಬಿಣದ ಸರಳುಗಳನ್ನು ಎಳೆದಿದ್ದಾರೆ. ಇದೇ ಪದ್ಧತಿಯ ಸಣ್ಣ ರೂಪವನ್ನು, ರೈಲು ಹಳಿಯನ್ನೇ ತೊಲೆಯಾಗಿ ಇಟ್ಟು ಮಾಡಿದ ಇಟ್ಟಿಗೆ ಕಮಾನಿನ ಮಾಳಿಗೆಗಳನ್ನು, ನಮ್ಮ ಭಾಗದ ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ತಲೆ ಎತ್ತಿ ನೋಡಿದವರು ಕಂಡಿರುತ್ತಾರೆ.

ಈಗ ಬೆಂಕಿಯ ಮಾತು. ಎರಕದ ಕಬ್ಬಿಣ ಒತ್ತಡಕ್ಕೆ ಬಹಳ ಗಟ್ಟಿ, ಎಳೆತಕ್ಕೆ ದುರ್ಬಲ. ಚೆನ್ನಾಗಿ ಕಾದಾಗ ತಣ್ಣೀರು ಬಿದ್ದರೆ ಬಾಗುವ ಬದಲು ಬಿರುಕು ಬಿಡಬಹುದು. ಆದ್ದರಿಂದ 'ಬೆಂಕಿಗೆ ಜಗ್ಗದ ಕಟ್ಟಡ' ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಾನೇ ಇಂಧನವಾಗದ ಕಟ್ಟಡ ಎನ್ನುವುದು ಹೆಚ್ಚು ಸರಿ. ಮರದ ವಖಾರದಲ್ಲಿ ಮಾಲು ಸುಡುವಾಗ ಕಟ್ಟಡವೂ ಅದಕ್ಕೆ ಸೌದೆಯಾಗುತ್ತದೆ. ಒಂದು ಅಂತಸ್ತಿನ ಹಲಗೆ ಸುಟ್ಟರೆ ಉರಿ ನೆಟ್ಟಗೆ ಮೇಲಿನ ಅಂತಸ್ತಿಗೆ ಹೋಗುತ್ತದೆ. ಇಲ್ಲಿ ಇಟ್ಟಿಗೆಯ ಕಮಾನು ಅದನ್ನು ತಡೆಯುತ್ತದೆ. ಕೆಳಗಿನ ಕೋಣೆಯ ಮಾಲು ಸುಟ್ಟರೂ ಮೇಲಿನ ಕೋಣೆಯ ಮಾಲು ಉಳಿಯುವ ಸಾಧ್ಯತೆ ಇರುತ್ತದೆ. ಮಾಡನ್ನೂ ಅವರು ಬಿಡಲಿಲ್ಲ: ಕಬ್ಬಿಣದ ತಗಡುಗಳನ್ನು ಒಂದಕ್ಕೊಂದು ರಿವೆಟ್ ಹೊಡೆದು, ಆ ಚರ್ಮವೇ ಭಾರ ಹೊರುವಂತೆ ಮಾಡಿದ್ದಾರೆ. ಹಡಗಿನ ಒಡಲು ಕಟ್ಟುವ ವಿದ್ಯೆಯನ್ನು ಬೋರಲು ಹಾಕಿದಂತೆ ನನಗೆ ಅದು ಕಾಣುತ್ತದೆ.

ನಮ್ಮ ಊರಿನಲ್ಲೇ ಇದಕ್ಕೊಂದು ಪಾಠವಿದೆ. 1561ರಲ್ಲಿ ಕಟ್ಟಿದ ಗಗನಮಹಲಿನ ಮುಂದೆ ಸಂಜೆ ಕೂತವರೆಲ್ಲ ಆ ಮಹಾ ಕಮಾನನ್ನು ನೋಡಿರುತ್ತಾರೆ. ಅಗಲ ಸುಮಾರು 60 ಅಡಿ. ಅದರ ಹಿಂದೆ ಅರಮನೆಯ ನೆಲ, ಮಾಡು ಎಲ್ಲ ಮರದವಿದ್ದವು. ಈಗ ಕಲ್ಲು ಮತ್ತು ಗಾರೆ ಮಾತ್ರ ನಿಂತಿವೆ. ಗೋಡೆಯಲ್ಲಿ ತೊಲೆ ಕೂಡುತ್ತಿದ್ದ ತೂತುಗಳನ್ನು ನೋಡಿ ಅಂತಸ್ತುಗಳನ್ನು ಊಹಿಸಬೇಕು. ಅದೇ ಊರಿನ ಗೋಳಗುಮ್ಮಟದಲ್ಲಿ ಭಾರ ಹೊರುವ ಮರವೇ ಇಲ್ಲ. ಒಂದನ್ನೊಂದು ಹಾಯ್ದ ಕಮಾನುಗಳ ಮೇಲೆ ಗುಮ್ಮಟ ಕೂತಿದೆ, ಇನ್ನೂ ಕೂತೇ ಇದೆ.

ಎರೆನೆಲದ ಹುಡುಗಿ (ಜಮಖಂಡಿ)

ಹಿರಿಯರ ನಡುವೆ ಎರಡು ಮಾತು ಸೇರಿಸುತ್ತೇನೆ. ಮಾಲೆತ್ತುವ ಯಂತ್ರಗಳ ವಿಷಯ ಇನ್ನೂ ಬಂದಿಲ್ಲ. ನೀರಿನ ಒತ್ತಡದಿಂದ ನಡೆಯುವ ಕ್ರೇನನ್ನು ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ತೋರಿಸಿದ್ದರು. ಎರಡೇ ವರ್ಷದಲ್ಲಿ, 1848ರಲ್ಲಿ, ಹಾರ್ಟ್ಲಿ ಆ ವಿದ್ಯೆಯನ್ನು ಆಲ್ಬರ್ಟ್ ಡಾಕಿಗೆ ತಂದರು. ಅರವತ್ತು ದಾಟಿದ ಎಂಜಿನಿಯರ್ ಹೊಸ ಯಂತ್ರವನ್ನು ಇಷ್ಟು ಬೇಗ ನಂಬಿದ್ದು ನನಗೆ ಬಹಳ ಹಿಡಿಸಿತು.

ಎರಡನೆಯದು ಹೇಳಲೇಬೇಕಾದ ಮಾತು. ಬ್ರಿಟನ್ ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು; ಡಾಕ್ ಕಟ್ಟಿದ್ದು ಅದರ ನಂತರ. ಆದರೆ ಅಂತರ್ಯುದ್ಧ ಮುಗಿಯುವವರೆಗೆ ಅಮೆರಿಕದಿಂದ ಲಿವರ್‌ಪೂಲಿಗೆ ಬಂದ ಹತ್ತಿಯನ್ನು ಬಿಡಿಸಿದವರು ಗುಲಾಮರೇ. 2007ರಲ್ಲಿ ಆಲ್ಬರ್ಟ್ ಡಾಕಿನ ವಖಾರದಲ್ಲೇ ಗುಲಾಮಗಿರಿಯ ಕುರಿತ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದರು. ನಮ್ಮ ಸೀಮೆಯಲ್ಲಿ ಯುದ್ಧಕಾಲದ ಬೆಲೆ ನೋಡಿ ಜೋಳದ ಹೊಲಕ್ಕೂ ಹತ್ತಿ ಹಾಕಿದ ರೈತರು 1865ರಲ್ಲಿ ಬೆಲೆ ಬಿದ್ದಾಗ ಏನು ಕಂಡರು, 1876-78ರ ಬರದಲ್ಲಿ ಈ ಕಲಾದಗಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತು ಎಂಬುದನ್ನೂ ಈ ಕಂಬಗಳ ಅಂದದ ಜೊತೆಗೇ ನೆನೆಯಬೇಕೆಂದು ನನ್ನ ವಿನಂತಿ.

ಹಳೆಪೇಟೆ (ಬಾಗಲಕೋಟೆ)

ಎಲ್ಲರಿಗೂ ಕೈಮುಗಿಯುತ್ತೇನೆ. ಲೆಕ್ಕದ ಕಟ್ಟಿನವರ ತಿದ್ದುಪಡಿಯನ್ನು ಒಪ್ಪಿದ್ದೇನೆ. ಅಜ್ಜ 'ಲಿವರ್‌ಪೂಲಿಗೆ ಹೋಯಿತು' ಎಂದದ್ದು ಸರಿ. ಆಲ್ಬರ್ಟ್ ಡಾಕಿಗೆ ಎಂದು ಸೇರಿಸಿಕೊಂಡದ್ದು ನಾನು. ತಂಗಿ ಹೇಳಿದ ಮಾತೂ ಸರಿ. ಆ ಸಂಗ್ರಹಾಲಯದ ಒಳಗೆ ಹೋಗಿ ಹೊರಗೆ ಬಂದಾಗ ಕಂಬಗಳನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿರಲಿಲ್ಲ.

ಮುಂದಿನ ಕತೆಯನ್ನು ಹೇಳಿಬಿಡುತ್ತೇನೆ. ಕಟ್ಟಡ ಇಷ್ಟು ಗಟ್ಟಿಯಿದ್ದರೂ ಬಂದರಾಗಿ ಅದರ ಆಯುಷ್ಯ ಉದ್ದವಾಗಲಿಲ್ಲ. ಅದನ್ನು ಹಾಯಿ ಹಡಗಿನ ಅಳತೆಗೆ ಕಟ್ಟಿದ್ದರು. ಉಗಿ ಹಡಗುಗಳು ದೊಡ್ಡದಾಗುತ್ತ ಹೋದಂತೆ ಅವು ಒಳಗೆ ಬರಲು ದ್ವಾರ ಸಾಲಲಿಲ್ಲ. ವಖಾರದ ಗೋಡೆ ನೀರಿನ ಅಂಚಿಗೇ ಇದ್ದದ್ದರಿಂದ ಹೊಸ ಹಡಗಿನ ರಾಶಿ ಮಾಲನ್ನು ಇಳಿಸಿ ಹರವಲು ಅಂಗಳವೂ ಇರಲಿಲ್ಲ. ಒಂದು ಕಾಲಕ್ಕೆ ಯಾವುದು ಅದರ ಗುಣವಾಗಿತ್ತೋ ಅದೇ ದೋಷವಾಯಿತು. 1920ರ ದಶಕದ ಹೊತ್ತಿಗೆ ಅಲ್ಲಿ ಹಡಗುಗಳು ಬರುವುದು ಹೆಚ್ಚುಕಡಿಮೆ ನಿಂತಿತ್ತು; ವಖಾರಗಳನ್ನು ಮಾತ್ರ ಬಳಸುತ್ತಿದ್ದರು. 1941ರ ಮೇ ತಿಂಗಳಿನ ಬಾಂಬುದಾಳಿಯಲ್ಲಿ ಪೆಟ್ಟು ಬಿತ್ತು. 1952ರಲ್ಲಿ ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಪಟ್ಟಿಗೆ ಸೇರಿತು, ಆದರೂ 1960ರ ದಶಕದಲ್ಲಿ ಕೆಡವಿ ಹೊಸ ಕಟ್ಟಡ ಎಬ್ಬಿಸುವ ಪ್ರಸ್ತಾಪ ಬಂತು. 1972ರಲ್ಲಿ ಡಾಕ್ ಪೂರ್ತಿ ಮುಚ್ಚಿತು. ಆಮೇಲೆ ನದಿಯ ಹೂಳು ಒಳಗೆ ಬಂದು ಹೊಂಡ ಕೆಸರಿನಿಂದ ತುಂಬಿಕೊಂಡಿತು. 1981ರಲ್ಲಿ ರಚನೆಯಾದ ಒಂದು ಅಭಿವೃದ್ಧಿ ನಿಗಮ ಹೂಳು ತೆಗೆಸಿ, ಬಾಗಿಲು ಸರಿಪಡಿಸಿ, ಮತ್ತೆ ನೀರು ತುಂಬಿಸಿತು. 1984ರಿಂದ ಹಂತ ಹಂತವಾಗಿ ತೆರೆದು 1988ರಲ್ಲಿ ವಿಧಿವತ್ತಾಗಿ ಮರು ಉದ್ಘಾಟನೆಯಾಯಿತು. ಅದೇ ವರ್ಷ ಟೇಟ್ ಕಲಾ ಸಂಗ್ರಹಾಲಯವೂ ಅಲ್ಲಿಗೆ ಬಂತು. ನಗರದ ಬಂದರು ಪ್ರದೇಶ 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿ, ಸುತ್ತಲಿನ ಹೊಸ ನಿರ್ಮಾಣಗಳ ಕಾರಣದಿಂದ 2021ರಲ್ಲಿ ಆ ಪಟ್ಟಿಯಿಂದ ಹೊರಬಿತ್ತು. ಆಲ್ಬರ್ಟ್ ಡಾಕ್ ಮಾತ್ರ ಗಟ್ಟಿಯಾಗಿ ನಿಂತಿದೆ.

ಈಗ ನಮ್ಮ ವಖಾರದ ಮಾತು. ಆಲಮಟ್ಟಿಯ ಹಿನ್ನೀರು ಬಂದಾಗ ಅಪ್ಪ ಕೊನೆಯ ಸಲ ಬೀಗ ಹಾಕಿದರು. ಒಳಗೆ ಏನೂ ಇರಲಿಲ್ಲ, ಆದರೂ ಹಾಕಿದರು. ಪರಿಹಾರದ ಪಟ್ಟಿಯಲ್ಲಿ ಅದನ್ನು ಇಷ್ಟು ಚದರ ಅಡಿಯ ಮಣ್ಣಿನ ಮಾಳಿಗೆ ಎಂದು ಬರೆದುಕೊಂಡರು. ಗೋಡೆಯ ದಪ್ಪ, ಸಾಗವಾನಿ ಕಂಬಗಳು, ಗಾಳಿಗಾಗಿ ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿ, ಇಲಿ ಏರದಂತೆ ಕಂಬದ ಬುಡಕ್ಕೆ ಇಟ್ಟ ನುಣುಪು ಕಲ್ಲು, ಯಾವುದನ್ನೂ ಯಾರೂ ಅಳೆಯಲಿಲ್ಲ. ನಾವೂ ಅಳೆಯಲಿಲ್ಲ. ಒಂದು ಫೋಟೊ ಕೂಡ ಇಲ್ಲ. ಲಿವರ್‌ಪೂಲಿನಲ್ಲಿ ಪ್ರತಿ ತೊಲೆಯ ನಕ್ಷೆ ಗಾಜಿನ ಹಿಂದೆ ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾದದ್ದು ಇದಕ್ಕೆ.

ಒಂದು ಮಾತ್ರ ಚೆನ್ನಾಗಿ ನೆನಪಿದೆ. ವಖಾರದ ಮುಂದಿನ ಕಟ್ಟೆ ನನ್ನ ಎದೆಯ ಮಟ್ಟಕ್ಕಿತ್ತು. ಚಿಕ್ಕವನಾಗಿದ್ದಾಗ ಅದನ್ನು ಹತ್ತಲು ಕಷ್ಟವಾಗುತ್ತಿತ್ತು. ಮೆಟ್ಟಿಲು ಯಾಕೆ ಇಲ್ಲವೆಂದು ಅಪ್ಪನನ್ನು ಕೇಳುತ್ತಿದ್ದೆ.

ಅರಳೆ ಅಂಗಡಿ (ಬಾಗಲಕೋಟೆ ಜಿಲ್ಲೆ)

ಕಾಕಾ, ಆ ಕಟ್ಟೆ ಬಂಡಿಯ ಅಳತೆಗೆ ಕಟ್ಟಿದ್ದು. ಬಂಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದರೆ ಬಂಡಿಯ ಹಲಗೆಯೂ ಕಟ್ಟೆಯೂ ಒಂದೇ ಮಟ್ಟ ಆಗುತ್ತವೆ. ಅಂಡಿಗೆಯನ್ನು ಎತ್ತಬೇಕಾಗಿಲ್ಲ, ಉರುಳಿಸಿದರೆ ಸಾಕು. ಮೆಟ್ಟಿಲಿಟ್ಟರೆ ಬಂಡಿ ಗೋಡೆಗೆ ತಾಗುವುದಿಲ್ಲ.

ಹಳೆಪೇಟೆ (ಬಾಗಲಕೋಟೆ)

ಅಪ್ಪ ಇದನ್ನು ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಅಲ್ಲಿ ಹಡಗಿಗೆ ನೀರನ್ನು ಎತ್ತಿ ಹಿಡಿದರು, ಇಲ್ಲಿ ಬಂಡಿಗೆ ಕಟ್ಟೆಯನ್ನು ಎತ್ತಿ ಕಟ್ಟಿದರು. ಆ ಎತ್ತರ ಎಷ್ಟಿತ್ತೆಂದು ಈಗ ಅಂದಾಜು ಮಾಡಬಹುದೇ?

ಗಗನಮಹಲಿನ ನೆರಳು (ವಿಜಯಪುರ)

ಮಾಡಬಹುದು ಸರ್. ಹಳೆಯ ಮರದ ಗಾಲಿಯ ಬಂಡಿ ನಿಮ್ಮ ಕಡೆಯ ಯಾವುದಾದರೂ ಮನೆಯಲ್ಲಿ ಉಳಿದಿದ್ದರೆ, ನೆಲದಿಂದ ಅದರ ಹಲಗೆಯ ಎತ್ತರ ಅಳೆದು ಕಳಿಸಿರಿ. ಕಂಬಗಳ ನಡುವಿನ ಅಂತರ, ಬಾಗಿಲಿನ ಅಗಲ, ಒಂದು ಸಾಲಿನಲ್ಲಿ ಎಷ್ಟು ಅಂಡಿಗೆ ನಿಲ್ಲುತ್ತಿದ್ದವು ಎಂಬುದು ನಿಮಗೂ ನಿಮ್ಮ ಅಣ್ಣತಮ್ಮಂದಿರಿಗೂ ನೆನಪಿದ್ದಷ್ಟನ್ನು ಬೇರೆ ಬೇರೆಯಾಗಿ ಬರೆದು ಕಳಿಸಿರಿ. ಒಬ್ಬರ ನೆನಪನ್ನು ಇನ್ನೊಬ್ಬರದರ ಜೊತೆ ತಾಳೆ ನೋಡಿ ನಕ್ಷೆ ಬರೆಯುವುದು ನನ್ನ ಪಾಲಿಗೆ ಇರಲಿ.

ಅರಳೆ ಅಂಗಡಿ (ಬಾಗಲಕೋಟೆ ಜಿಲ್ಲೆ)

ಬಂಡಿ ನಮ್ಮ ಹಿತ್ತಲಿನಲ್ಲೇ ಇದೆ. ಗಾಲಿಯ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ, ಮರ ಇನ್ನೂ ಗಟ್ಟಿಯಿದೆ. ನಾಳೆ ಬೆಳಿಗ್ಗೆ ಅಳೆದು ಹಾಕುತ್ತೇನೆ.